ಸ್ಕೈಲ್ಯಾಬಿಗೆ ಕಾದಿಟ್ಟ ಮಂಚಗಳು

ಆಕಾಶ ತಲೆಯ ಮೇಲೆ ಬಿದ್ದು ಗಾಯಗೊಳ್ಳುವವರಿಗಾಗಿ ಒಂದು ವಾರ್ಡನ್ನೇ ಖಾಲಿ ಮಾಡಿಸಿ, ಮಂಚಗಳಿಗೆ ಹೊಸ ಚಾದರ ಹಾಸಿ, ಬಾಗಿಲಿಗೆ ಬೀಗ ಜಡಿದು ಕಾಯುತ್ತ ಕೂತ ದವಾಖಾನೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಆ ಚಾದರ ಹಾಸಿದ ಕೈ ಇದೇ. ಬಾಯಿ ತುಂಬ ಬೈಯುತ್ತಲೇ ಹಾಸಿದೆ. ಆದರೆ ಬೈಗುಳಕ್ಕೆ ಯಾವ ದವಾಖಾನೆ ಹೆದರುತ್ತದೆ?

ಅದು ಎಪ್ಪತ್ತೊಂಬತ್ತನೇ ಇಸವಿಯ ಮಳೆಗಾಲ. ಅಂಧೇರಿ ಕಡೆಯ ಒಂದು ಮುನಸಿಪಾಲ್ಟಿ ದವಾಖಾನೆಯಲ್ಲಿ ನಾನು ಆಯಾ ಆಗಿದ್ದೆ. ಹೆಸರು ಇಂದ್ರಾಬಾಯಿ, ಊರು ಸಿಂದಗಿ. ಗಂಡ ಹೋದಮೇಲೆ ನನಗೆ ಉಳಿದದ್ದು ಚಾಳಿನ ಒಂದು ಖೋಲಿ ಮತ್ತು ಈ ಬಾಯಿ. ಪಕ್ಕದ ಖೋಲಿಯಲ್ಲಿ ಇಮಾಮಸಾಬ ಮತ್ತು ಅವನ ಹೆಂಡತಿ ಬೀಬೀಜಾನ. ಅವರೂ ನಮ್ಮ ಕಡೆಯವರೇ, ಇಂಡಿ ಹತ್ತಿರದವರು. ಮನೆಯೊಳಗೆ ಉರ್ದು ಬೆರೆಸಿದ ಮಾತು, ನನ್ನ ಜೊತೆ ನಮ್ಮ ಕನ್ನಡ. ನಡುವಿನ ಗೋಡೆ ಹಲಗೆಯದು, ಹೀಗಾಗಿ ಅವರ ಜಗಳ ನನಗೆ, ನನ್ನ ಗೊಣಗಾಟ ಅವರಿಗೆ ಕೇಳುತ್ತಿತ್ತು. ಮಕ್ಕಳಿಲ್ಲದ ಅವರಿಬ್ಬರೂ ನನ್ನನ್ನು ಅಕ್ಕಾ ಅನ್ನುತ್ತಿದ್ದರು.

ಇಮಾಮಸಾಬ ಕುರ್ಲಾ ರಸ್ತೆಯ ಒಂದು ಔಷಧಿ ಕಂಪನಿಯಲ್ಲಿ ಹಮಾಲ. ಗೋದಾಮಿನಿಂದ ಟ್ರಕ್ಕಿಗೆ ಪೆಟ್ಟಿಗೆ ಹೊರುವ ಕೆಲಸ. ಪೆಟ್ಟಿಗೆಯಲ್ಲಿ ಶಕ್ತಿಯ ಟಾನಿಕ್ಕು. ಕೆಂಪಗೆ, ಬೆಲ್ಲದ ಪಾನಕದಷ್ಟು ಸಿಹಿ, ಬಾಟಲಿಯ ಮೇಲೆ ತೋಳು ಉಬ್ಬಿಸಿ ನಿಂತ ಪೈಲ್ವಾನ. ಮೊದಲು ಅದೇ ಕಂಪನಿ ಟಿ.ಬಿ. ಗುಳಿಗೆಯನ್ನೂ ಮಾಡುತ್ತಿತ್ತಂತೆ. ಗುಳಿಗೆಯಲ್ಲಿ ಏನೂ ಗಿಟ್ಟುವುದಿಲ್ಲ, ಸರಕಾರ ಬೆಲೆ ಏರಿಸಗೊಡುವುದಿಲ್ಲ ಎಂದು ನಿಲ್ಲಿಸಿ, ಆ ಮಶೀನಿನ ಜಾಗದಲ್ಲೂ ಟಾನಿಕ್ಕಿನ ಮಶೀನು ಇಟ್ಟರು. ಗುಳಿಗೆಯ ಕೊನೆಯ ಪೆಟ್ಟಿಗೆಗಳನ್ನು ಹೊತ್ತವನು ಇಮಾಮಸಾಬನೇ. ಮರುವರ್ಷ ಅವನಿಗೇ ಟಿ.ಬಿ. ಹತ್ತಿತು ನೋಡಿ.

ನಮ್ಮ ದವಾಖಾನೆಯಲ್ಲಿ ಕೆಲವು ತಿಂಗಳು ಗುಳಿಗೆ ಕೊಟ್ಟರು. ಆಮೇಲೆ ಸ್ಟಾಕ್ ಇಲ್ಲ, ಮುಂದಿನ ತಿಂಗಳು ಬನ್ನಿ ಅಂದರು. ಮುಂದಿನ ತಿಂಗಳೂ ಹಾಗೇ ಅಂದರು. ಈ ಪುಣ್ಯಾತ್ಮ ಅಷ್ಟರಲ್ಲಿ ಕಂಪನಿ ಹಬ್ಬಕ್ಕೆ ಪುಕ್ಕಟೆ ಕೊಟ್ಟ ಟಾನಿಕ್ಕು ಕುಡಿಯಲು ಶುರುಮಾಡಿದ. ಬೀಬೀಜಾನ ತಲೆ ಚಚ್ಚಿಕೊಂಡಳು.

"ಸಕ್ರಿ ನೀರು ಕುಡದ್ರ ಕೆಮ್ಮು ಹೊಕ್ಕೈತೇನ್ರಿ? ಬ್ಯಾರೆ ದವಾಖಾನಿಗೆ ಹೋಗೂಣು ನಡೀರಿ."

"ಏ, ಕಂಪನಿ ಸುಳ್ಳು ಹೇಳತೈತೇನು? ಅಷ್ಟು ದೊಡ್ಡ ಪೈಲ್ವಾನನ ಚಿತ್ರ ಸುಮ್ಮ ಹಾಕ್ಯಾರೇನು? ನಾ ಹೊತ್ತ ಮಾಲು, ನನಗ ಗೊತ್ತಿಲ್ಲೇನು?"

ಸಕ್ಕರೆಗೋ ಏನಕ್ಕೋ ಅವನ ಗಲ್ಲ ಸ್ವಲ್ಪ ತುಂಬಿಕೊಂಡಿತು. ಗುಣವಾಯಿತು ಎಂದು ನಗುತ್ತ ತಿರುಗಾಡಿದ. ಗುಳಿಗೆ ಮತ್ತೆ ಬಂದಾಗ ತರಲು ಹೋಗಲಿಲ್ಲ. ವರ್ಷ ತುಂಬುವ ಮೊದಲೇ ನಲ್ಲಿಯ ಹತ್ತಿರ ರಕ್ತ ಕಾರಿಕೊಂಡ. ಈ ಸಲ ಹಳೆಯ ಗುಳಿಗೆ ನಾಟಲಿಲ್ಲ. ಹೊಸದೊಂದು ಬಂದಿದೆ, ದುಬಾರಿ, ಸರಕಾರ ಇನ್ನೂ ನಮಗೆ ತರಿಸಿಕೊಟ್ಟಿಲ್ಲ ಎಂದು ಡಾಕ್ಟರ್ ಶೇಖರ ಹೇಳಿದರು. ಅವರು ಉಡುಪಿ ಕಡೆಯ ಹುಡುಗ, ಮೃದು ಮನುಷ್ಯ. ಉಸಿರಿಗಾದರೂ ಆಸರೆ ಕೊಡೋಣ, ಅಷ್ಟರಲ್ಲಿ ಔಷಧಿ ಬರಬಹುದು, ಒಂದು ಬೆಡ್ ಸಿಕ್ಕರೆ ಸಾಕು ಅಂದರು. ಆ ಒಂದು ಬೆಡ್ಡಿಗಾಗಿ ನಾನು ಡಾಕ್ಟರರ ಸೀಮೆಯವನೇ ಆದ ವಾರ್ಡಿನ ಕಾರಕೂನ ದೂಜನ ಬೆನ್ನು ಬಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ನಮ್ಮಲ್ಲಿ ಪೂಜಾರಿ ಅಂದರೆ ದೂಜ. ಅವನ ಕಿವಿ ತೂತಾಗುವಂತೆ ಬೈದು, ಕಾಡಿ, ಕೊನೆಗೆ ಕಿಟಕಿಯ ಪಕ್ಕದ ಮಂಚ ಗಿಟ್ಟಿಸಿದೆ.

ಆಕ್ಸಿಜನ್ ಸಿಕ್ಕಮೇಲೆ ಇಮಾಮಸಾಬ ಎದ್ದು ಕೂತು ಚಹಾ ಕುಡಿಯತೊಡಗಿದ. ತುಟಿಯ ನೀಲಿ ಬಣ್ಣ ಹೋಯಿತು. ಬೀಬೀಜಾನ ದಿನಾ ಸಂಜೆ ಗಂಜಿ ತಂದು, ಕುಡಿಸುತ್ತ ಕುಡಿಸುತ್ತ ಬೈಯುತ್ತಿದ್ದಳು. ಅವಳು ಬೈಯುತ್ತಿದ್ದಾಳೆಂದರೆ ಅವನು ಸುಧಾರಿಸುತ್ತಿದ್ದಾನೆ ಎಂದೇ ಲೆಕ್ಕ.

ಅಷ್ಟರಲ್ಲಿ ಸ್ಕೈಲ್ಯಾಬ್ ಬಂತು.

ಯಾರೋ ಅಮೆರಿಕದವರು ಆಕಾಶದಲ್ಲಿ ಮನೆಯಷ್ಟು ದೊಡ್ಡದೊಂದು ಯಂತ್ರ ತೇಲಿಬಿಟ್ಟಿದ್ದರಂತೆ. ಅದು ಈಗ ಕೆಟ್ಟು ಬೀಳುತ್ತಿದೆಯಂತೆ. ಎಲ್ಲಿ ಬೀಳುತ್ತದೆಂದು ಬಿಟ್ಟವರಿಗೂ ಗೊತ್ತಿಲ್ಲವಂತೆ. ಹಾದಿಯಲ್ಲಿ ನಮ್ಮ ದೇಶವೂ ಇದೆಯಂತೆ. ಅಂತೆ ಅಂತೆ ಅಂತ ಇಡೀ ಬೊಂಬಾಯಿ ಮೇಲೆ ನೋಡುತ್ತ ನಡೆದು ಕಾಲು ಎಡವಿತು. ಲೋಕಲ್ ರೈಲಿನಲ್ಲಿ ಅದೇ ಮಾತು, ನಲ್ಲಿಯ ಸಾಲಿನಲ್ಲಿ ಅದೇ ಮಾತು. ನಮ್ಮ ಚಾಳಿನ ಮುದುಕ ದರ್ಜಿ ಚಾಂದಸಾಬ ಚಾಚಾ ಮಾತ್ರ ಮಶೀನಿನಿಂದ ತಲೆ ಎತ್ತಲಿಲ್ಲ.

"ಹತ್ತು ವರ್ಸದ ಹಿಂದ ಚಂದ್ರನ ಮ್ಯಾಲ ಕಾಲಿಟ್ಟೀವಿ ಅಂದ್ರು," ಅಂದರು ಚಾಚಾ. "ಇಟ್ರ ಇಡವಲ್ರಾಕ. ಅಲ್ಲವಾ ಇಂದ್ರಾಬಾಯಿ, ಮಳಿಗಾಲದಾಗ ಹಬ್ಬದ ಚಾಂದ್ ಮೋಡದಾಗ ಮುಚ್ಚಿ ಹೊಕ್ಕೈತಿ. ನಾವು ಪಟಾಕ್ಷಿ ಸದ್ದು ಕೇಳಿ ಈದ್ ಮಾಡ್ತೀವಿ. ಅಲ್ಲೀತನ ಹ್ವಾದವರು ಅದನ್ನಾರ ಇಣಿಕಿ ನೋಡಿ ಹೇಳಬಾರದಾ?"

"ಏರಸಾಕ ಬರತೈತಿ, ಇಳಸಾಕ ಬರಂಗಿಲ್ಲ ಚಾಚಾ ಅವರಿಗೆ," ಅಂದೆ ನಾನು. "ನಮ್ಮವರೂ ಏನ್ ಕಡಿಮಿ? ಅವರದ ನೋಡಿ ಇವರೂ ಒಂದು ಹಾರಿಸ್ಯಾರ. ಹೊಟ್ಟಿಗಿ ಹಿಟ್ಟಿಲ್ಲ, ಜುಟ್ಟಿಗಿ ಮಲ್ಲಿಗಿ ಹೂವು."

ಹೀಗೆ ನಾವು ನಗುತ್ತಿದ್ದೆವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ನನಗೆ ಗೊತ್ತಾದದ್ದು ಮರುದಿನ ಡ್ಯೂಟಿಗೆ ಹೋದಾಗ. ಡಾಕ್ಟರ್ ಶೇಖರ ವಾರ್ಡಿನ ಬಾಗಿಲಲ್ಲಿ ಸಪ್ಪೆ ಮೋರೆ ಮಾಡಿ ನಿಂತಿದ್ದರು.

"ಇಂದ್ರಕ್ಕಾ, ಮೇಲಿನಿಂದ ಆರ್ಡರ್ ಬಂದಿದೆ ಮಾರಾಯ್ತಿ. ಈ ವಾರ್ಡ್ ಖಾಲಿ ಮಾಡ್ಬೇಕಂತೆ. ಸ್ಕೈಲ್ಯಾಬ್ ಬಿದ್ರೆ ಗಾಯ ಆದವರಿಗೆ ಬೆಡ್ ರೆಡಿ ಉಂಟು ಅಂತ ತೋರಿಸ್ಬೇಕಂತೆ."

"ಬಿದ್ರ ಅಂತೀರಿ. ಬಿದ್ದೈತೇನ್ರಿ ಇನ್ನಾ?"

"ಇಲ್ಲ."

"ಮತ್ತ ಇವರು ಬಿದ್ದಾರಲ್ರಿ ಡಾಕ್ಟರ್! ಇಲ್ಲೇ ಮಕ್ಕೊಂಡಾರಲ್ಲ, ಕಣ್ಣಿಗಿ ಕಾಣವಲ್ರೇನು?"

"ನಾನು ಎಂತ ಮಾಡುದು? ನಾನು ಸಣ್ಣವ," ಅಂದರು. ಅವರ ಕಣ್ಣಲ್ಲಿ ನೀರಿತ್ತು. ನೀರಿದ್ದು ಏನು ಮಾಡುವುದು? ಮಧ್ಯಾಹ್ನದೊಳಗೆ ವಾರ್ಡು ಖಾಲಿಯಾಯಿತು. ಹೋಗಲು ಮನೆ ಇದ್ದವರು ಮನೆಗೆ, ಇಲ್ಲದವರು ವರಾಂಡಕ್ಕೆ. ಇಮಾಮಸಾಬನನ್ನು ನಾನೂ ಬೀಬೀಜಾನಳೂ ಎರಡು ಕಡೆ ಹಿಡಿದು ಟಾಂಗಾಕ್ಕೆ ಹತ್ತಿಸಿದೆವು. ಅವನು ಮಂಚದ ಕಡೆ ಒಮ್ಮೆ ತಿರುಗಿ ನೋಡಿ, "ಪಾಪ, ಯಾರಿಗಿ ಪೆಟ್ಟಾಗತೈತೋ ಏನೋ, ಅವರಿಗಿ ಬೇಕಲ್ಲಕ್ಕಾ," ಅಂದ. ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು.

ತಿರುಗಿ ಬಂದರೆ ದೂಜ ಬಿಳಿ ಚಾದರದ ಗಂಟು ತಂದು ನನ್ನ ಮುಂದೆ ಹಾಕಿದ. ರೋಗಿಗಳು ಹರಕು ಕಂಬಳಿಯಲ್ಲಿ ನಡುಗುತ್ತಿದ್ದಾಗ ಈ ಚಾದರಗಳು ಎಲ್ಲಿದ್ದವೋ! ಒಂದೊಂದು ಮಂಚದ ಪಕ್ಕ ಒಂದೊಂದು ಆಕ್ಸಿಜನ್ ಸಿಲಿಂಡರು ತಂದು ನಿಲ್ಲಿಸಿದರು. ಸಾಹೇಬರು ಬಂದು ನೋಡಿ, ತಲೆ ಆಡಿಸಿ ಹೋದರು. ಬಾಗಿಲಿಗೆ ಬೀಗ ಬಿತ್ತು. ಬೆಳಗ್ಗೆ ಧೂಳು ಹೊಡೆಯುವ ಹೊತ್ತಿಗೆ ಮಾತ್ರ ಕೀಲಿಕೈ ನನಗೆ.

ಸ್ಕೈಲ್ಯಾಬ್ ಬೀಳುತ್ತದೆಂದು ಹೇಳಿದ ದಿನದ ಹಿಂದಿನ ದಿನವೇ ಶಬೇ ಬರಾತ್ ಬಂತು. ಮುಂದಿನ ವರ್ಷ ಯಾರು ಇರಬೇಕು, ಯಾರು ಹೋಗಬೇಕು ಎಂದು ಮೇಲೆ ಬರೆಯುವ ರಾತ್ರಿ ಅದು ಅಂತ ಮುಸಲ್ಮಾನರ ನಂಬಿಕೆ. ಆ ಸಂಜೆ ಒಬ್ಬರ ಮನೆಗೊಬ್ಬರು ಹಲ್ವಾ ಕೊಟ್ಟು, "ಕಹಾ ಸುನಾ ಮಾಫ್ ಕರೋ" ಅನ್ನುತ್ತಾರೆ. ಅಂದದ್ದು ಆಡಿದ್ದು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ, ಕ್ಷಮಿಸಿಬಿಡಿ ಎಂದು. ಸಾಯುವವರೂ ಹೋಗುವ ಮುಂಚೆ ಹೀಗೇ ಕೇಳಿಕೊಳ್ಳುತ್ತಾರೆ. ಗಂಡ ಹೆಂಡತಿಯನ್ನು ಕೇಳಲೇಬೇಕು. ಈ ಸಲ ಸ್ಕೈಲ್ಯಾಬಿನ ಅಂಜಿಕೆಗೆ ಚಾಳಿನ ಹಿಂದೂಗಳೂ ಕೇಳಿಕೊಳ್ಳಲು ಶುರುಮಾಡಿದರು. ನಲ್ಲಿಯ ಹತ್ತಿರ ನನ್ನ ಕೊಡ ಒದ್ದು ವರ್ಷಗಟ್ಟಲೆ ಮಾತು ಬಿಟ್ಟಿದ್ದ ಸೇವಂತಿ ಬಂದು ನನ್ನ ಕೈ ಹಿಡಿದು ಅತ್ತಳು. ನಾನೂ ಹೋಗಲಿ ಬಿಡು ಅಂದೆ.

ಇಮಾಮಸಾಬ ಗೋಡೆ ಹಿಡಿದು, ಹೆಜ್ಜೆಗೊಮ್ಮೆ ಕೂತು, ಇಡೀ ಚಾಳು ಸುತ್ತಿದ. ಬೇಡವೆಂದರೂ ಕೇಳಲಿಲ್ಲ. ಒಂದು ಇರುವೆಗೂ ಕೆಟ್ಟದ್ದು ಮಾಡದ ಮನುಷ್ಯ, ಒಂದೊಂದು ಬಾಗಿಲಲ್ಲೂ ಕೈ ಮುಗಿದು ಮಾಫಿ ಕೇಳಿದ. ನನ್ನ ಬಾಗಿಲಿಗೂ ಬಂದ.

"ಅಕ್ಕಾ, ರಾತ್ರಿ ಕೆಮ್ಮಿ ಕೆಮ್ಮಿ ನಿನ್ನ ನಿದ್ದಿ ಕೆಡಿಸೀನಿ. ಮಾಫ್ ಮಾಡು."

"ಹೋಗೋ ಮೂಳ," ಅಂದೆ. ತೋಳು ಹಿಡಿದು ಹೊಸ್ತಿಲ ಮೇಲೆ ಕೂರಿಸಿದೆ.

ಎಲ್ಲರೂ ಮಾಫ್ ಅಂದರು, ಒಬ್ಬಳು ಬಿಟ್ಟು. ಬೀಬೀಜಾನ ಬಾಯಿ ಬಿಡಲಿಲ್ಲ. ಅವನು ಟಾನಿಕ್ಕು ಹಿಡಿದಂದಿನಿಂದ ಯಾವ ಹಬ್ಬಕ್ಕೂ ಅವಳು ಆ ಮಾತು ಅಂದಿರಲಿಲ್ಲ. ಕಾರಣ ನನಗೆ ಮಾತ್ರ ಹೇಳಿದ್ದಳು.

"ಗುಳಿಗಿ ಬಿಟ್ಟು ಟಾನಿಕ್ ಕುಡದಾನಲ್ಲ ಅಕ್ಕಾ, ಆ ಸಿಟ್ಟು ನನ್ನ ಹೊಟ್ಯಾಗ ಹಂಗೇ ಐತಿ. ಅದನ್ನ ನಾ ಬಿಡಂಗಿಲ್ಲ. ಹೆಂಡ್ತಿ ಮಾಫ್ ಮಾಡದ ಹೊರತು ಗಂಡನ ಜೀವ ಸುಸೂತ್ರ ಹೋಗಂಗಿಲ್ಲಂತ ನಮ್ಮ ನಾನಿ ಹೇಳ್ತಿದ್ದಳು. ನಾ ಅನ್ನೂತನ ಅವ ಎಲ್ಲಿ ಹೋಗ್ತಾನ ನೋಡ್ತೀನಿ."

ಔಷಧಿ ಇಲ್ಲ, ಮಂಚ ಇಲ್ಲ, ಆಕ್ಸಿಜನ್ ಇಲ್ಲ. ಗಂಡನನ್ನು ಹಿಡಿದಿಡಲು ಅವಳ ಕೈಯಲ್ಲಿ ಉಳಿದದ್ದು ಅದೊಂದೇ ಹಗ್ಗ.

ಮರುದಿನ ಸಂಜೆ ಚಾಂದಸಾಬ ಚಾಚಾ ರೇಡಿಯೋ ತಂದು ಪಡಸಾಲೆಯಲ್ಲಿಟ್ಟರು. ಇಂದೇ ಬೀಳುತ್ತದೆ ಎಂದು ರೇಡಿಯೋ ಹೇಳಿತು. ಎಲ್ಲಿ ಎಂದು ಹೇಳಲಿಲ್ಲ. ಇದ್ದಬದ್ದ ಅಕ್ಕಿ ಬೇಯಿಸಿ ಜನ ಉಂಡರು. ಸಾಕಿದ ಕೋಳಿ ಕೊಯ್ದರು. ಯಾವುದಕ್ಕೂ ಅಂಜದ ಬೀಬೀಜಾನ ಆ ಹೊತ್ತು ನಿಜವಾಗಿ ನಂಬಿಬಿಟ್ಟಳು. ಒಂದಿಡೀ ವಾರ್ಡು ಖಾಲಿ ಮಾಡಿಸುತ್ತಾರೆಂದರೆ ಸರಕಾರಕ್ಕೆ ಬೀಳುವ ಜಾಗ ಗೊತ್ತಿರಲೇಬೇಕು, ನಮ್ಮ ಮೇಲೆಯೇ ಬೀಳುತ್ತದೆ, ಹೇಳುತ್ತಿಲ್ಲ ಅಷ್ಟೇ ಎಂದು ಅವಳ ವಾದ. ಸುಳ್ಳೇ ಭಯಕ್ಕೆ ತನ್ನ ಗಂಡನನ್ನು ಮಂಚದಿಂದ ಇಳಿಸುತ್ತಾರೆ ಎಂದು ನಂಬುವುದು ಅವಳಿಂದ ಆಗಲಿಲ್ಲ. ಹೇಗೆ ತಾನೇ ನಂಬಿಯಾಳು ಹೇಳಿ?

ನಾನು ಅವರ ಹೊಸ್ತಿಲಲ್ಲಿ ಕೂತಿದ್ದೆ. ಇಮಾಮಸಾಬ ದಿಂಬಿಗೆ ಒರಗಿದ್ದ. ಒಂದು ಮಾತು, ನಾಲ್ಕು ಉಸಿರು, ಮತ್ತೆ ಒಂದು ಮಾತು.

"ಏ ಬೀಬೀ. ಎಲ್ಲಾರೂ ಹೊಂಟೀವಿ. ನನ್ನೊಬ್ಬನ್ನ ಯಾಕ ಕಟ್ಟಿ ಹಾಕೀದಿ?"

"ಸುಮ್ಕ ಇರ್ರಿ."

"ನಿನ್ನ ತಲಿ ಮ್ಯಾಲೂ ಬೀಳತೈತಿ. ಆಗ ಯಾರು ಮಾಫ್ ಮಾಡವರು, ಯಾರು ಕೇಳವರು? ಅಂದಬಿಡು. ಟಾನಿಕ್ ಕುಡದದ್ದು ತಪ್ಪಾತು. ನಿನ್ನ ಮಾತು ಕೇಳಲಿಲ್ಲ, ತಪ್ಪಾತು."

ಅವಳು ಮೇಲೆ ನೋಡಿದಳು. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಆಮೇಲೆ ಅವನ ಪಕ್ಕ ಹೋಗಿ ಕೂತು, ಅವನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡಳು.

"ಕೂಡೇ ಹೋಗೂದಿದ್ರ ಆತು ತಗೋರಿ," ಅಂದಳು. "ಮಾಫ್ ಕಿಯಾ. ಎಲ್ಲಾ ಮಾಫ್. ನನ್ನದೂ ಮಾಫ್ ಮಾಡ್ರಿ, ಭಾಳ ಬೈದೀನಿ."

ಇಮಾಮಸಾಬ ನಕ್ಕ. ಅಷ್ಟು ನಿರಾಳವಾಗಿ ಅವನು ನಕ್ಕದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಬೆಳಗಾಯಿತು. ಆಕಾಶ ಇದ್ದಲ್ಲೇ ಇತ್ತು. ಸ್ಕೈಲ್ಯಾಬು ಎಲ್ಲೋ ಆಸ್ಟ್ರೇಲಿಯಾದ ಕಡೆ ಸಮುದ್ರದಲ್ಲೂ ಬಯಲಲ್ಲೂ ಚೂರುಚೂರಾಗಿ ಬಿದ್ದು ಹೋಯಿತೆಂದು ರೇಡಿಯೋ ಹೇಳಿತು. ಚಾಳಿನಲ್ಲಿ ಸಕ್ಕರೆ ಹಂಚಿದರು. ಸೇವಂತಿ ಮತ್ತೆ ನಲ್ಲಿಯ ಹತ್ತಿರ ನನ್ನ ಕೊಡ ಸರಿಸಿದಳು. ಅಷ್ಟರಲ್ಲಿ ಹಲಗೆಯಾಚೆಯಿಂದ ಬೀಬೀಜಾನಳ ಕೂಗು ಕೇಳಿಸಿತು.

ಇಮಾಮಸಾಬನ ತುಟಿ ಮತ್ತೆ ನೀಲಿಯಾಗಿತ್ತು. ಕಣ್ಣು ಅರ್ಧ ತೆರೆದಿತ್ತು. ಅವಳು ಅವನ ಎರಡೂ ಭುಜ ಹಿಡಿದು ಅಲುಗಾಡಿಸುತ್ತಿದ್ದಳು.

"ಮಾಫ್ ಇಲ್ಲ! ಕೇಳಿದ್ರ್ಯಾ? ನಮ್ಮ ಮ್ಯಾಲ ಬಿದ್ದಿಲ್ಲಂತ ಅದು! ನಾ ಅಂದದ್ದು ತಿರಗಿ ತಗೊಂಡೆ. ಮಾಫ್ ಇಲ್ಲ, ಮಾಫ್ ಇಲ್ಲ!"

"ಎತ್ತು ಅವನ್ನ," ಅಂದೆ. "ಅದು ಎಲ್ಲೋ ಬಿದ್ದಾತಲ್ಲ, ಇನ್ನ ಮಂಚ ಯಾರಿಗಿ ಬೇಕು? ನಡಿ."

ಚಾಚಾ ಕೈಗಾಡಿ ತಂದರು. ಮಳೆಯಲ್ಲೇ ತಾಡಪಾಲು ಹೊದಿಸಿ ತಳ್ಳಿಕೊಂಡು ಹೋದೆವು. ದೂಜ ತನ್ನ ಮೇಜಿನ ಹಿಂದೆ ಚಹಾದಲ್ಲಿ ಪಾವು ಅದ್ದಿ ತಿನ್ನುತ್ತಿದ್ದ.

"ಬೆಡ್ ಖಾಲಿ ಮಾಡ್ಲಿಕ್ಕೆ ಆರ್ಡರ್ ಬಂದಿತ್ತು. ತುಂಬಿಸ್ಲಿಕ್ಕೆ ಬರ್ಬೇಕಲ್ಲ ಬಾಯಿ," ಅಂದ. "ನಾಳೆಯೋ ನಾಡಿದ್ದೋ ಬರ್ತದೆ."

ನಾನು ಧೂಳು ಹೊಡೆಯಬೇಕೆಂದು ಹೇಳಿ ಅವನ ಮೇಜಿನಿಂದ ಕೀಲಿಕೈ ಎತ್ತಿಕೊಂಡು, ಬೀಗ ತೆಗೆದು, ಇಮಾಮಸಾಬನನ್ನು ಅವನ ಹಳೆಯ ಮಂಚದ ಮೇಲೆಯೇ ಮಲಗಿಸಿದೆ. ಬಿಳಿ ಚಾದರ ಕೆಸರಾಯಿತು. ದೂಜ ಓಡಿಬಂದ.

"ಇಂದ್ರಾಬಾಯಿ, ನೌಕರಿ ಬೇಡ್ವಾ ನಿಂಗೆ? ಸಾಹೇಬ್ರು ಕೇಳಿದ್ರೆ ಎಂತ ಬರೀಲಿ ನಾನು?"

"ಮ್ಯಾಲಿಂದ ಬಿದ್ದಾನಂತ ಬರಕೊ!" ಎಂದು ಕಿರುಚಿದೆ. "ಆಕಾಶದಾಗಿಂದ ಬಿದ್ದು ಬಂದಾನ, ಸ್ಕೈಲ್ಯಾಬಿನ ಜೋಡೀನ ಬಿದ್ದಾನ, ಬರಕೋ ನಿನ್ನ ಬಾಯಾಗ ಮಣ್ಣು ಹಾಕ!"

ಗದ್ದಲ ಕೇಳಿ ಡಾಕ್ಟರ್ ಶೇಖರ ಬಂದರು. ದೂಜನನ್ನು ಪಕ್ಕಕ್ಕೆ ಸರಿಸಿದರು. ಅವರು ಸಣ್ಣವರಾಗಿ ಉಳಿಯದ ದಿನ ಅದೊಂದೇ ಇರಬೇಕು. ಕೊಳವೆಯನ್ನು ಇಮಾಮಸಾಬನ ಮೂಗಿಗೆ ಹಿಡಿದು ಪಕ್ಕದ ಸಿಲಿಂಡರಿನ ಕೀಲಿ ತಿರುಗಿಸಿದರು. ಸದ್ದೇ ಬರಲಿಲ್ಲ. ಪೂರ್ತಿ ತಿರುಗಿಸಿದರು. ಆಚೆಯ ಮಂಚದ ಸಿಲಿಂಡರಿಗೆ ಓಡಿದರು. ಅದೂ ಹಾಗೇ. ಅದರಾಚೆಯದೂ ಹಾಗೇ. ದೂಜ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದ, "ಅದೆಲ್ಲ ಖಾಲಿ ಉಂಟು ಡಾಕ್ಟರ್. ಸಾಹೇಬ್ರು ನೋಡ್ಲಿಕ್ಕೆ ಬರ್ತಾರಂತ ಗೋದಾಮಿನಿಂದ ತಂದಿಟ್ಟದ್ದು."

ಅಂದರೆ ಅದು ನಮ್ಮ ತಲೆಯ ಮೇಲೆ ಬಿದ್ದಿದ್ದರೂ ಇಲ್ಲಿ ಉಸಿರಿರಲಿಲ್ಲ. ಚಾದರ ಇತ್ತು, ಅಷ್ಟೇ.

ಮೇಲಿನ ಮಹಡಿಯಿಂದ ತುಂಬಿದ ಸಿಲಿಂಡರು ಉರುಳಿಸಿಕೊಂಡು ಬರುವಷ್ಟರಲ್ಲಿ ಇಮಾಮಸಾಬ ಹೋಗಿಬಿಟ್ಟಿದ್ದ. ಬೀಬೀಜಾನ ಅಳಲಿಲ್ಲ. ಅವನ ಕಾಲಿನ ಕೆಸರನ್ನು ತನ್ನ ಸೆರಗಿನಿಂದ ಒರೆಸುತ್ತ ಕೂತಳು.

ಮಧ್ಯಾಹ್ನ ಚಾಳಿನಲ್ಲಿ ಮಣ್ಣಿನ ತಯಾರಿಯಾಯಿತು. ಹೆಣ ತೊಳೆದು, ಬಿಳಿ ಬಟ್ಟೆ ಸುತ್ತಿ, ಜನಾಜಾದ ಮೇಲೆ ಮಲಗಿಸಿದರು. ಎತ್ತುವ ಮುಂಚೆ ಹೆಂಡತಿಯನ್ನು ಕೊನೆಯ ಸಲ ಮಾಫಿ ಕೇಳುವುದು ಅವರಲ್ಲಿ ರಿವಾಜು. ಸತ್ತವನಿಗೆ ಬಾಯಿಲ್ಲವಲ್ಲ, ಅವನ ಪರವಾಗಿ ಹಿರಿಯರು ಕೇಳುತ್ತಾರೆ. ಚಾಂದಸಾಬ ಚಾಚಾ ಟೋಪಿ ಸರಿಮಾಡಿಕೊಂಡು ಅವಳ ಮುಂದೆ ಬಗ್ಗಿದರು.

"ಬೇಟಿ, ಮಾಫ್ ಮಾಡವಾ. ಅವನ ಹಾದಿ ಹಗುರ ಆಗ್ಲಿ."

"ಒಮ್ಮಿ ಅಂದೀನಿ ಚಾಚಾ," ಅಂದಳು. "ಅಂದದ್ದಕ್ಕೇ ಹ್ವಾದ. ಇನ್ನೊಮ್ಮಿ ಯಾಕ ಕೇಳ್ತೀರಿ?"

ಹೊರುವವರು ಮಳೆಯಲ್ಲಿ ಕಾಯುತ್ತ ನಿಂತಿದ್ದರು. ಬೀಬೀಜಾನ ನನ್ನ ಕಡೆ ತಿರುಗಿದಳು. ಅವಳ ಕಣ್ಣು ಒಣಗಿತ್ತು.

"ಅಕ್ಕಾ, ಇಂವ ಯಾರಿಗೂ ಏನೂ ಮಾಡಿರಲಿಲ್ಲ. ಮನಿ ಮನಿಗಿ ಹೋಗಿ ಮಾಫಿ ಕೇಳಿ ಬಂದ. ಗುಳಿಗಿ ನಿಂದ್ರಿಸಿದ ಕಂಪನ್ಯಾವರು, ಬೆಡ್ ಕಸಗೊಂಡ ನಿಮ್ಮ ದವಾಖಾನ್ಯಾವರು, ಆ ಸ್ಕೈಲ್ಯಾಬ್ ಮ್ಯಾಲ ಬಿಟ್ಟವರು, ಅವರೊಳಗ ಒಬ್ಬರಾದ್ರೂ ನನ್ನ ಬಾಗಲಾಕ ಬರತಾರೇನು, ಮಾಫ್ ಮಾಡು ಬೀಬೀಜಾನ ಅನ್ನಾಕ?"

ನಾನು ಅವಳ ಜಾರಿದ ಸೆರಗು ಎತ್ತಿ ತಲೆಗೆ ಹೊದಿಸಿದೆ.

"ಬರಂಗಿಲ್ಲ," ಎಂದು ಅವಳೇ ಹೇಳಿದಳು. ಆಮೇಲೆ ಚಾಚಾನ ಕಡೆ ನೋಡಿ, "ಮಾಫ್ ಕಿಯಾ. ಎತ್ತರಿ, ತೊಯ್ಯಾಕತ್ತಾನ," ಅಂದಳು.